ಅರ್ಧ ಸಿನಿಮಾ, ಅರ್ಧ ಬೀಗರೂಟ

ಭಾರತೀನಗರದ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಇಂಗ್ಲಿಷ್ ಪಾಠ ಹೇಳುತ್ತಿರುವವನು ನಾನು. ಆದರೂ ಒಂದು ಇಂಗ್ಲಿಷ್ ಸಿನಿಮಾವನ್ನು ಕೂತ ಕಡೆ ಕೂತು ಕೊನೆಯವರೆಗೆ ನೋಡಿದವನಲ್ಲ. ಇದನ್ನು ಶಿಷ್ಯರಿಗೆ ಹೇಳಿದರೆ ನಂಬುವುದಿಲ್ಲ. ನನ್ನ ಹೆಂಡತಿ ಮಾತ್ರ ತಕ್ಷಣ ನಂಬುತ್ತಾಳೆ. ಅರ್ಧಕ್ಕೆ ನಿದ್ದೆ ಬರುತ್ತದೆ, ಇಲ್ಲವೇ ಕರೆಂಟು ಹೋಗುತ್ತದೆ, ಎರಡೂ ಆಗದಿದ್ದರೆ ನಮ್ಮೂರು ಹೊಳಲಿನಿಂದ ಅಣ್ಣನ ಫೋನು ಬರುತ್ತದೆ. ಏನೂ ನೋಡದವನಿಂದ ಯಾರಿಗೂ ತೊಂದರೆಯಿಲ್ಲ, ಅರ್ಧ ನೋಡಿದವನಿಂದ ಊರಿಗೇ ತೊಂದರೆ ಎಂಬುದು ನನಗೆ ಕಳೆದ ತಿಂಗಳು ಗೊತ್ತಾಯಿತು.

ಅದೊಂದು ಹಳೆಯ ಬ್ರಿಟಿಷ್ ಸಿನಿಮಾ, ಕಪ್ಪು ಬಿಳುಪಿನದು. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಪೂರ್ತಿ ನೋಡಿ ನನಗಿಂತ ಬುದ್ಧಿವಂತರಾಗಿಬಿಡುತ್ತೀರಿ. ಒಬ್ಬ ಲಾರ್ಡು, ಅವನಿಗೊಬ್ಬಳು ಹೆಂಡತಿ, ಇಬ್ಬರಿಗೂ ಸೇರಿ ನಲವತ್ತು ಕೋಣೆಯ ಮನೆ. ಊಟಕ್ಕೆ ಕೂತರೆ ಗಂಡ ಮೇಜಿನ ಈ ತುದಿಗೆ, ಹೆಂಡತಿ ಆ ತುದಿಗೆ. ನಡುವಿನ ಜಾಗದಲ್ಲಿ ನಮ್ಮವರು ಒಂದು ಪಂಕ್ತಿ ಕೂರಿಸಿಬಿಡುತ್ತಿದ್ದರು. ಉಪ್ಪು ಬೇಕೆಂದರೆ ಹೆಂಡತಿಯನ್ನು ಕೇಳುವಂತಿಲ್ಲ. ಕರಿಕೋಟಿನ ಬಟ್ಲರ್ ಅಷ್ಟು ದೂರ ನಡೆದುಹೋಗಿ ತರುತ್ತಾನೆ. ಲಾರ್ಡು ಒಂದು ಬಟಾಣಿಕಾಳನ್ನು ಫೋರ್ಕಿನ ಬೆನ್ನ ಮೇಲೆ ಹತ್ತಿಸುವ ಹೊತ್ತಿಗೆ ನಮ್ಮಲ್ಲಿ ಎರಡು ಮುದ್ದೆ ಇಳಿದಿರುತ್ತದೆ.

ಬಟ್ಲರ್ ನಮಗೆ ಹೊಸಬನೇನಲ್ಲ. ನನ್ನ ಅಜ್ಜ ಅಜ್ಜಿ ಜಗಳವಾಡಿ ಮಾತು ಬಿಟ್ಟಾಗ ಆ ಕೆಲಸವನ್ನು ಕೊಟ್ಟಿಗೆಯ ಎಮ್ಮೆ ಮಾಡುತ್ತಿತ್ತು. "ಏ ಎಮ್ಮೆ, ಉಣ್ಣೋರು ಬಂದು ಉಣ್ಬೋದಂತೆ," ಎಂದು ಅಜ್ಜಿ ಕೂಗುತ್ತಿದ್ದಳು. "ಎಮ್ಮೆ, ಅಸಿವಿಲ್ಲ ಅಂತ ಏಳು," ಎಂದು ಅಜ್ಜ ಜಗಲಿಯಿಂದ ಉತ್ತರ ಕೊಡುತ್ತಿದ್ದ. ಎಮ್ಮೆ ಮೆಲುಕು ಹಾಕುತ್ತಲೇ ಸಂಸಾರ ಉಳಿಸಿತು. ಅದಕ್ಕೆ ಕರಿಕೋಟು ಹೊಲಿಸುವ ಖರ್ಚೂ ಇರಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ದೊರೆಗಳ ಮರ್ಯಾದೆಗೆ ಮನಸೋತೆ. ಬಟ್ಲರ್ ತಟ್ಟೆ ಹಿಡಿದು ಬಗ್ಗುತ್ತಾನೆ, ಬಂದವರು ಬೇಡ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಆಮೇಲೆ ಲಾರ್ಡು ಪತ್ರಿಕೆ ಓದುತ್ತಲೇ, ಏನಾದರೂ ಬೇಸರವೇ ಎಂದು ಹೆಂಡತಿಯನ್ನು ಕೇಳಿದ. ಏನಿಲ್ಲ ಎಂದಳು. ಅವನು ಪತ್ರಿಕೆಗೆ ಮರಳಿದ. ನನಗೆ ರೋಮಾಂಚನವಾಯಿತು. ಒಂದು ಪ್ರಶ್ನೆ, ಒಂದು ಉತ್ತರ. ಇದಲ್ಲವೇ ದಾಂಪತ್ಯ ಎಂದು ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ನನ್ನ ಹೆಂಡತಿ ಸಾವಿತ್ರಿಗೆ ಪಾಠವನ್ನೇ ಮಾಡಿದೆ.

"ಅವ್ಳ್ ಮುಖ ನೋಡುದ್ರಾ?" ಎಂದಳು ಸಾವಿತ್ರಿ.

ನಾನು ಪರದೆಯ ಕೆಳಗೆ ಬರುತ್ತಿದ್ದ ಅಕ್ಷರ ಓದುತ್ತಿದ್ದೆ. ಅಷ್ಟರಲ್ಲಿ ಅಣ್ಣನ ಫೋನು ಬಂತು.

ಅಣ್ಣನ ಮಗಳು ಕಾವ್ಯಳ ಮದುವೆ ಆಗಿ ಮೂರು ದಿನವಾಗಿತ್ತು. ಮಾರನೆಯ ದಿನ, ಭಾನುವಾರ, ಹೊಳಲಿನಲ್ಲಿ ಬೀಗರೂಟ. ಮಳವಳ್ಳಿ ಕಡೆಯ ಬೀಗರು ಬಸ್ಸು ಮಾಡಿಕೊಂಡು ಬಂದು, ಉಂಡು, ಅದೇ ಬಸ್ಸಿನಲ್ಲಿ ಹುಡುಗಿಯನ್ನು ಕರೆದೊಯ್ಯುವುದೆಂದು ಮಾತಾಗಿತ್ತು. "ಬೀಗ್ರ ಸಾಲು ನಿಂದು ಕಣ್ಲಾ. ಮೇಷ್ಟ್ರು ಬಡ್ಸುದ್ರೆ ಒಂದ್ ಗತ್ತು," ಎಂದ ಅಣ್ಣ. ಪಾಪ, ಅವನಿಗೆ ನಾನು ಸಿನಿಮಾ ನೋಡುತ್ತಿದ್ದುದು ಗೊತ್ತಿರಲಿಲ್ಲ.

ನಮ್ಮ ಮಂಡ್ಯ ಸೀಮೆಯಲ್ಲಿ ಉಣ್ಣುವವನು ಬೇಕು ಎನ್ನುವಂತಿಲ್ಲ. ಎನ್ನುವವನು ಹೊಟ್ಟೆಬಾಕ. ಆದ್ದರಿಂದ ಎಲ್ಲರೂ ಬೇಡ ಎನ್ನುತ್ತಾರೆ, ಎಲೆಗೆ ಅಡ್ಡಗೈಯನ್ನೂ ಇಡುತ್ತಾರೆ. ಬಡಿಸುವವನು ಬೈದು, ಗದರಿಸಿ, ಆಣೆ ಹಾಕಿ ಸುರಿಯಬೇಕು. ನಮ್ಮವ್ವ ಇದನ್ನೇ, ಉಣ್ಣೋರ ಬಾಯಿ ನೋಡಬೇಡ, ಬೆರಳು ನೋಡು ಎನ್ನುತ್ತಿದ್ದಳು. ನಿಜವಾಗಿ ಬೇಡದವನ ಬೆರಳು ಬಿಗಿದಿರುತ್ತದೆ, ಉಳಿದವರದು ಬಿಡಿಬಿಡಿಯಾಗಿರುತ್ತದೆ. ಇದನ್ನು ನಾನು ಹಾಲು ಕುಡಿಯುವ ವಯಸ್ಸಿನಿಂದ ಬಲ್ಲೆ. ಆದರೆ ಆ ಭಾನುವಾರ ನನ್ನ ಮೈಮೇಲೆ ಬಟ್ಲರ್ ಬಂದಿದ್ದ.

ಸಾಲಿನ ತಲೆಯಲ್ಲಿ ಕೂತಿದ್ದವರು ಹುಡುಗನ ದೊಡ್ಡಪ್ಪ ಮರಿಗೌಡರು. ಮುದ್ದೆ, ಬೋಟಿ ಗೊಜ್ಜು, ಒಂದೊಂದು ಸೌಟು ಸಾರು ಹೋಗಿತ್ತು. ನಾನು ಮಟನ್ ಬಕೆಟ್ಟು ಹಿಡಿದು ಬಗ್ಗಿ, ಮೆಲ್ಲಗೆ, "ಇನ್ನೂ ಸ್ವಲ್ಪ ಬೇಕಾ ಗೌಡ್ರೆ?" ಎಂದೆ. ಗೌಡರು ಎರಡೂ ಕೈ ಅಡ್ಡ ಹಿಡಿದು, "ಬ್ಯಾಡ, ಬ್ಯಾಡ," ಎಂದರು. "ಸರಿ, ನಿಮ್ಮಿಷ್ಟ," ಎಂದು ಮುಗುಳ್ನಕ್ಕು ಮುಂದಿನ ಎಲೆಗೆ ಹೋದೆ. ಅವರೂ ಬೇಡ ಎಂದರು. ಅದರ ಮುಂದಿನವರೂ ಬೇಡ ಎಂದರು. ನಾನು ಅರವತ್ತು ಜನರ ಇಷ್ಟವನ್ನು ಗೌರವಿಸುತ್ತ ಸಾಲಿನ ಕೊನೆ ಮುಟ್ಟಿದೆ. ಹಿಂದೆ ತಿರುಗಿ ನೋಡಿದರೆ ಅರವತ್ತು ಜೊತೆ ಕಣ್ಣು ನನ್ನ ಬಕೆಟ್ಟನ್ನೇ ನೋಡುತ್ತಿದ್ದವು.

ಗೌಡರು ಎದ್ದರು. ಅವರೆದ್ದ ಮೇಲೆ ಸಾಲೇ ಎದ್ದಿತು. ಕೈ ತೊಳೆದರು, ವೀಳ್ಯ ಮುಟ್ಟಲಿಲ್ಲ. "ಉಡ್ಗಿ ಇವತ್ತು ಇಲ್ಲೇ ಇರ್ಲಿ. ಇನ್ನೊಂದಿನ ನೋಡುವ," ಎಂದು ಬಸ್ಸು ಹತ್ತಿದರು. ಮದುಮಗ ಅವರ ಹಿಂದೆ ಕತ್ತು ಬಗ್ಗಿಸಿಕೊಂಡು ಹೋದ. ಬಾಗಿಲಲ್ಲಿ ಕಾವ್ಯ ಹೊಸ ಸೀರೆಯುಟ್ಟು, ಸೂಟ್‌ಕೇಸಿನ ಹಿಡಿ ಹಿಡಿದು ನಿಂತಿದ್ದಳು. ಆ ಮುಖ ನೋಡಿ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಣ್ಣ ತುಂಬಿದ ಬಕೆಟ್ಟು ನೋಡಿದ, ನನ್ನನ್ನು ನೋಡಿದ. "ಬ್ಯಾಡ ಅಂದ್ರೆ ಬುಟ್ಬುಡದೇನ್ಲಾ? ಇಂಗ್ಲಿಸ್ ಓದಿ ಕೆಟ್ಟೋದೆ ಕಣ್ಲಾ ನೀನು!"

ಆಗ ಸಾವಿತ್ರಿ ನನ್ನ ಕೈಯಿಂದ ಬಕೆಟ್ಟು ಕಿತ್ತುಕೊಂಡು ಸೀದಾ ಬಸ್ಸು ಹತ್ತಿದಳು. ಕಿಟಕಿಯಿಂದ ಅವಳ ದನಿ ಇಡೀ ಬೀದಿಗೆ ಕೇಳಿಸಿತು. "ದೊಡ್ಡೋರೆ, ನಮ್ಮೆಜಮಾನ್ರಿಗೆ ಪಾಠ ಮಾಡಕ್ ಬತ್ತದೆ, ಬಡ್ಸಕ್ ಬರಲ್ಲ. ಇಪ್ಪತ್ತೆಂಟು ವರ್ಸ ನಾನು ತಡ್ಕೊಂಡಿವ್ನಿ, ನೀವು ಒಂದಿನ ತಡ್ಕಳಕಾಗಲ್ವಾ? ಅಸ್ಕೊಂಡು ಓದ್ರೆ ನಮ್ಮನೆ ಉಡ್ಗಿ ಯಾವ ಮುಖ ಒತ್ಕೊಂಡು ನಿಮ್ಮನೆಗೆ ಬಂದಾಳು? ಇಳೀರಿ, ಬಿಸಿ ಮುದ್ದೆ ಕಟ್ತಾವ್ರೆ."

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಮೊದಲು ಇಳಿದವರು ಮರಿಗೌಡರೇ.

ಹೊಸ ಎಲೆ ಹಾಕಿದೆವು. ಗೌಡರು ಮತ್ತೆ ಎರಡೂ ಕೈ ಅಡ್ಡ ಹಿಡಿದರು. ಈ ಸಲ ನಾನು ಬೆರಳು ನೋಡಿದೆ. ಮೂಳೆಸಮೇತ ತುಂಡು ಇಳಿಯುವಷ್ಟು ದಾರಿಯಿತ್ತು. ಸುರಿದೆ. ಸಾರು ಅವರ ವಾಚಿನ ಮೇಲೂ ಹರಿಯಿತು. "ಅಯ್ಯಯ್ಯೋ ಸಾಕು ಬುಡಿ ಮೇಷ್ಟ್ರೆ, ಸಾಯುಸ್ಬುಡ್ತೀರಾ!" ಎಂದು ಅವರು ಬೈದದ್ದೇ ತಡ, ಒಳಗೆ ಅತ್ತಿಗೆ ನೆಮ್ಮದಿಯ ಉಸಿರು ಬಿಟ್ಟರು. ಗೌಡರು ಎರಡು ವೀಳ್ಯ ಹಾಕಿದರು. ಕಾವ್ಯ ಬಸ್ಸು ಹತ್ತುವ ಮೊದಲು ನನ್ನ ಕಾಲು ಮುಟ್ಟಿ, "ಚಿಕ್ಕಪ್ಪ, ನಮ್ಮನೆಗ್ ಬಂದಾಗ ನೀವು ಬರೀ ಉಣ್ಣಿ, ಬಡ್ಸಕ್ ಮಾತ್ರ ನಿಂತ್ಕಬ್ಯಾಡಿ," ಎಂದಳು.

ಸಂಜೆ ಮಂಡ್ಯದ ಮನೆಗೆ ಬಂದು ಸಿನಿಮಾದ ಉಳಿದರ್ಧ ಹಾಕಿದೆ. ಸ್ವಲ್ಪ ಹಿಂದಕ್ಕೆ ಓಡಿಸಿ, ಏನಿಲ್ಲ ಎಂದ ಆ ಹೆಂಡತಿಯ ಮುಖವನ್ನು ಈಗ ನೋಡಿದೆ, ಕುರುಡನಿಗೂ ಕಾಣುವಂತಿತ್ತು. ಮುಂದಿನ ದೃಶ್ಯದಲ್ಲಿ ಅವಳು ಪೆಟ್ಟಿಗೆ ಕಟ್ಟಿ ರೈಲು ಹತ್ತಿದಳು. ಲಾರ್ಡು ನಲವತ್ತು ಕೋಣೆಯ ಬಾಗಿಲು ತೆರೆದು ಹುಡುಕಿದ. ಸಿನಿಮಾದವರು ಮೊದಲಿನಿಂದಲೂ ಅವನನ್ನು ನೋಡಿ ನಗುತ್ತಲೇ ಇದ್ದರು. ನಾನೊಬ್ಬನೇ ಅವನಿಗೆ ಶಿಷ್ಯನಾಗಿದ್ದೆ.

ಪಕ್ಕದಲ್ಲಿ ಸಾವಿತ್ರಿ ಸುಮ್ಮನೆ ಕೂತಿದ್ದಳು. ಯಾಕೆ ಎಂದೆ.

"ಏನಿಲ್ಲ ಬುಡಿ."

ಸಿನಿಮಾ ನಿಲ್ಲಿಸಿದೆ. ಇನ್ನೊಮ್ಮೆ ಕೇಳಿದೆ. ಏನಿಲ್ಲ ಎಂದಳು. ಟಿವಿಯನ್ನೇ ಆರಿಸಿ ಮೂರನೆಯ ಸಲ ಕೇಳಿದೆ.

"ಅಷ್ಟು ಜನುಕ್ಕೆ ಉಣ್ಣಿ ಉಣ್ಣಿ ಅಂತ ಗಂಟ್ಲು ಅರ್ಕೊಂಡೆ. ನೀನು ಉಂಡ್ಯಾ ಅಂತ ಒಬ್ರಾದ್ರೂ ಕೇಳುದ್ರಾ?"

ನನಗೆ ನಾಚಿಕೆಯಾಯಿತು. ಅಣ್ಣ ಕಟ್ಟಿಕೊಟ್ಟಿದ್ದ ಕ್ಯಾರಿಯರ್ ಬಿಸಿ ಮಾಡಿ, ತಟ್ಟೆಗೆ ಅನ್ನ ಹಾಕಿ ಅವಳ ಮುಂದಿಟ್ಟು ಸೌಟು ಎತ್ತಿದೆ.

"ಬ್ಯಾಡ," ಎಂದು ಅವಳು ತಟ್ಟೆಗೆ ಕೈ ಅಡ್ಡ ಹಿಡಿದಳು.

ನಾನು ಬೆರಳು ನೋಡಿದೆ.