ಮೀನಿನ ಟೆಂಪೋ ಕೊಟ್ಟ ಹೆಸರು

ದೊಡ್ಡ ದೊಡ್ಡ ರಾಕ್ ಬ್ಯಾಂಡುಗಳಿಗೆ ಹೆಸರು ಹೇಗೆ ಬಂತು ಎಂದು ಓದುವ ಹುಚ್ಚು ನನಗಿತ್ತು. ಯಾರೋ ಕಣ್ಣು ಮುಚ್ಚಿ ನಿಘಂಟಿನ ಮೇಲೆ ಬೆರಳಿಟ್ಟರಂತೆ, ಯಾರಿಗೋ ಕನಸಿನಲ್ಲಿ ಬಂತಂತೆ. ನಮಗೆ ಬಂದದ್ದು ಮೀನಿನ ಟೆಂಪೋದಿಂದ. ನಗುವವರು ನಗಲಿ, ನನಗೆ ಈಗ ನಗು ಬರುವುದಿಲ್ಲ.

ನಾವಿದ್ದದ್ದು ಮೂವರು. ಡ್ರಮ್ ಬಾರಿಸುವವನು ಕುಂಜತ್ತೂರಿನ ಬ್ಯಾರಿ ಮುಸ್ಲಿಮರ ಹುಡುಗ, ಅವನ ಅಪ್ಪನದು ಮೀನಿನ ವ್ಯಾಪಾರ. ಗಿಟಾರಿನವನು ಇಗರ್ಜಿಯ ಗಾಯನ ತಂಡದಲ್ಲಿ ಕೈ ಪಳಗಿಸಿಕೊಂಡ ಕೊಂಕಣಿಯವನು. ಹಾಡುವವಳು ನಾನು. ಹೆಸರಿಗಾಗಿ ನಾವು ಆಡಿದ ಜಗಳ ಅಷ್ಟಿಷ್ಟಲ್ಲ. ಗಿಟಾರಿನವನಿಗೆ ಬೂದಿ, ರಕ್ತ, ತಲೆಬುರುಡೆ ಇರುವ ಇಂಗ್ಲಿಷ್ ಹೆಸರೇ ಆಗಬೇಕು. ನಾನು ‘ಉಪ್ಪುನೀರು’ ಎಂದೆ. “ಎಂತ ಮಾರಾಯ್ತಿ, ನಾವು ಉಪ್ಪಿನಕಾಯಿ ಮಾರ್ಲಿಕ್ಕೆ ಹೊರಟದ್ದಾ?” ಎಂದು ಇಬ್ಬರೂ ಸೇರಿ ನನ್ನ ಬಾಯಿ ಮುಚ್ಚಿಸಿದರು.

ಅಷ್ಟರಲ್ಲಿ ಪೆರ್ಲದ ಕಡೆಯ ಒಂದು ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಕರೆ ಬಂತು. ಸಾಮಾನು ಸಾಗಿಸಲು ಇದ್ದದ್ದು ಡ್ರಮ್ಮಿನವನ ಅಪ್ಪನ ಟೆಂಪೋ. ಅದರಲ್ಲಿ ಹೋಗಿ ಬಂದ ಸ್ಪೀಕರ್ ಎಷ್ಟು ಒರೆಸಿದರೂ ಬಂಗುಡೆ ನಾರುತ್ತಿತ್ತು. ಟೆಂಪೋದ ಹಣೆಯ ಮೇಲೆ ‘ಅಮ್ಮನ ಆಶೀರ್ವಾದ’ ಎಂದು ದಪ್ಪ ಅಕ್ಷರ. ಹಿಂದಿನ ಯಜಮಾನ ಬರೆಸಿದ್ದು; ವ್ಯಾಪಾರ ಕೈಹಿಡಿದ ಮೇಲೆ ಅಳಿಸಲು ಇವನ ಅಪ್ಪನಿಗೆ ಧೈರ್ಯ ಬಂದಿರಲಿಲ್ಲ. ನಮ್ಮ ಕಡೆ ಬಸ್ಸಾಗಲಿ ಟೆಂಪೋ ಆಗಲಿ, ಹಣೆಯ ಮೇಲೆ ಬರೆದದ್ದೇ ಅದರ ಹೆಸರು, ಅದರಲ್ಲಿ ಬಂದಿಳಿದವರ ಹೆಸರೂ ಅದೇ. ಕ್ಲಬ್ಬಿನ ಕಾರ್ಯದರ್ಶಿ ನಮ್ಮನ್ನು ಕೇಳಲೂ ಇಲ್ಲ. ಮೈಕ್ ಹಿಡಿದು, “ಈಗ ಅಮ್ಮನ ಆಶೀರ್ವಾದ ತಂಡದವರಿಂದ ಸಂಗೀತ!” ಎಂದು ಘೋಷಿಸಿಯೇಬಿಟ್ಟರು. ನಾವು ಮುಖ ಮುಖ ನೋಡಿಕೊಂಡೆವು. ಆಮೇಲೆ ಒಂದು ಮದುವೆಯ ಫ್ಲೆಕ್ಸಿನಲ್ಲೂ ಅದೇ ಹೆಸರು, ಕೆಳಗೆ ನನ್ನ ಫೋಟೋ.

ಫ್ಲೆಕ್ಸ್ ನೋಡಿ ಮಾವ ಕೆರಳಿದರು. ಮಾವ ಎಂದರೆ ಅಮ್ಮನ ಅಣ್ಣ. ಅಪ್ಪ ತೀರಿಕೊಂಡ ಮೇಲೆ ನಾನೂ ಅಮ್ಮನೂ ಇರುವುದು ಅವರ ಮನೆಯಲ್ಲಿ. “ಮದುವೆಯಾಗದ ಹುಡುಗಿ ಸ್ಟೇಜಿನಲ್ಲಿ ಕುಣಿಯುದಾ? ನಾಳೆಯಿಂದ ಬಂದ್!” ಎಂದು ಗುಡುಗಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಅಡುಗೆಮನೆಯಿಂದ ಬಂದು, “ಅಣ್ಣ, ಅವಳು ನನ್ನನ್ನು ನೆನೆದು ಆ ಹೆಸರು ಇಟ್ಟದ್ದು. ನನ್ನ ಆಶೀರ್ವಾದ ಬೇಕು ಅಂತ. ಬೇಡ ಅಂತ ಹೇಗೆ ಹೇಳುದು?” ಎಂದಳು. ಅಯ್ಯೋ ದೇವರೇ! ಅದೇ ಟೆಂಪೋದಿಂದ ಮೀನು ತೆಗೆದುಕೊಳ್ಳುವ ಅಮ್ಮ. ಟೆಂಪೋ ಬರುವ ಹೊತ್ತಿಗೆ ಮಾವ ಅಂಗಡಿಯಲ್ಲಿರುತ್ತಾರೆ, ಅವರಿಗೇನು ಗೊತ್ತು? ಅವರು ಕರಗಿಹೋದರು. ಸೋದರಸೊಸೆಗೆ ತಾಯಿಯ ಮೇಲೆ ಎಷ್ಟು ಭಕ್ತಿ ಎಂದು ಊರಿಡೀ ಹೇಳಿಕೊಂಡು ಬಂದರು.

ಹೀಗೆ ಅಮ್ಮನ ಸುಳ್ಳಿನಿಂದ ನಾನು ಬಚಾವಾದೆ, ಅದರೊಳಗೇ ಸಿಕ್ಕಿಬಿದ್ದೆ. ಮದುವೆಗಳಲ್ಲಿ ಮಲಯಾಳ, ಹಿಂದಿ, ಕೇಳಿದ್ದನ್ನೆಲ್ಲ ಹಾಡಿದೆ. ನಾನೇ ಕಟ್ಟಿದ ಕನ್ನಡ ಹಾಡೊಂದಿತ್ತು. ಅದನ್ನು ಒಮ್ಮೆಯಾದರೂ ವೇದಿಕೆಯ ಮೇಲೆ ಹಾಡಬೇಕು, ನನಗಿದ್ದದ್ದು ಅದೊಂದೇ ಆಸೆ. ಬಿರಿಯಾನಿಗೆ ಕಾದು ಕುಳಿತವರಿಗೆ ಅದೆಲ್ಲ ಯಾಕೆ ಬೇಕು?

ಕೊನೆಗೂ ಮಂಗಳೂರಿನಲ್ಲೊಂದು ಸ್ಪರ್ಧೆ, ಸ್ವಂತ ಹಾಡುಗಳಿಗೆ ಮಾತ್ರ. ಗಿಟಾರಿನವನು ಫೋನ್ ಮಾಡಿ ತಂಡದ ಹೆಸರು ಹೇಳಿದ್ದೇ ತಡ, “ಭಜನೆಗೆ ಅವಕಾಶ ಇಲ್ಲ” ಎಂದು ಸ್ಪರ್ಧೆಯವರು ಫೋನ್ ಇಟ್ಟರು. ಡ್ರಮ್ಮಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, “ಹೆಸರು ಬದಲಿಸುವ ಮಾರಾಯ್ತಿ. ನಿನ್ನ ಉಪ್ಪುನೀರೇ ಆಗ್ಲಿ, ನಿನ್ನ ಹಾಡೇ ಹಾಡುವ” ಎಂದ. ನಾನು ಕುಣಿಯುತ್ತಾ ಮನೆಗೆ ಬಂದು ಅಮ್ಮನಿಗೆ ಹೇಳಿದೆ.

ಅಮ್ಮ ಅಕ್ಕಿ ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ. “ಆ ಹೆಸರು ತೆಗೆದರೆ ಮಾವ ಕೇಳುದಿಲ್ವಾ ಮಗಾ? ನಾನು ಹೇಳಿದ್ದು ಸುಳ್ಳು ಅಂತ ಗೊತ್ತಾದರೆ? ನಮಗೆ ಬೇರೆ ಮನೆ ಉಂಟಾ?”

ಎಂಥಾ ಸಿಟ್ಟು ಬಂತೆಂದರೆ! ಆದರೆ ಯಾರ ಮೇಲೆ ತೋರಿಸುವುದು? ನನಗಾಗಿ ಸುಳ್ಳು ಹೇಳಿದವಳ ಮೇಲೆಯೇ? ಅತ್ತ ದರಿ, ಇತ್ತ ಪುಲಿ. ಕದ್ದು ಹಾಡೋಣವೆಂದರೆ ಸ್ಪರ್ಧೆ ಫೋನಿನಲ್ಲಿ ನೇರ ಪ್ರಸಾರ, ಮಾವ ಫೋನ್ ಬಿಟ್ಟು ಕೂರುವವರಲ್ಲ. ನನ್ನಿಂದಾಗದು ಎಂದು ಹುಡುಗರಿಗೆ ಹೇಳಿದೆ. ಅವರು ಬೇಸರ ಮಾಡಿಕೊಂಡರು, ಆದರೆ ನನಗಾಗಿ ನಿಲ್ಲಲಿಲ್ಲ. ಮಂಗಳೂರಿನ ಹುಡುಗಿಯೊಬ್ಬಳನ್ನು ಹುಡುಕಿಕೊಂಡರು. ನನ್ನ ಹಾಡು ಕೊಡು ಎಂದು ಕೇಳಲು ಮುಜುಗರಪಟ್ಟರು, ನಾನೇ ಕೊಟ್ಟೆ. ಅದಾದರೂ ಹೊರಗೆ ಹೋಗಲಿ ಎನಿಸಿತು.

ಸ್ಪರ್ಧೆಯ ಸಂಜೆ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನೋಡಿದೆ. ಆ ಹುಡುಗಿ ಚೆನ್ನಾಗಿಯೇ ಹಾಡಿದಳು. ಎರಡನೆಯ ಚರಣಕ್ಕೆ ಜನ ಎದ್ದುನಿಂತರು. ಅಮ್ಮ ಸೌಟು ಹಿಡಿದುಕೊಂಡೇ ನನ್ನ ಹಿಂದೆ ಬಂದು ನಿಂತಳು.

“ಚಂದ ಉಂಟು. ಯಾರ ಹಾಡು?”

“ನನ್ನದು” ಎಂದೆ.

ಅಮ್ಮ ಬಾಗಿಲ ಕಡೆ ನೋಡಿದಳು. ನನ್ನ ತಲೆಯ ಮೇಲೆ ಕೈ ಇಟ್ಟು ಹೇಳಿದಳು: “ಮೆಲ್ಲ ಹೇಳು ಮಗಾ. ಮಾವ ಒಳಗೆ ಇದ್ದಾರೆ.”