ರಾಜ್ಯಪಾಲರ ಜಾಗ

ನಾನು ಐದು ವರ್ಷ ತಾಲೂಕು ಪಂಚಾಯತಿ ಸದಸ್ಯೆಯಾಗಿದ್ದೆ. ಯಾವ ತಾಲೂಕು ಎಂದು ಬರೆಯುವುದಿಲ್ಲ. ಸಿರುಗುಪ್ಪದ ಕಡೆಗೂ ಕುರುಗೋಡಿನ ಕಡೆಗೂ ಬಸ್ಸು ಸಿಗುವ ಊರು ನಮ್ಮದು, ಅಷ್ಟು ಸಾಕು. ಹೆಸರು ಹೇಳಿ ಒಂದೇ ಕಚೇರಿಯ ಮರ್ಯಾದೆ ತೆಗೆಯುವ ಆಸೆ ನನಗಿಲ್ಲ. ನನ್ನ ಸಿಟ್ಟು ಇರುವುದು ಇಡೀ ಏಣಿಯ ಮೇಲೆ.

ಆ ಏಣಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕೆಳಗಿನ ಮೆಟ್ಟಿಲು ಗ್ರಾಮ ಪಂಚಾಯತಿ, ನಡುವಿನದು ತಾಲೂಕು ಪಂಚಾಯತಿ, ಮೇಲಿನದು ಜಿಲ್ಲಾ ಪಂಚಾಯತಿ. ಚರಂಡಿ ತುಂಬಿದರೆ ಜನ ಗ್ರಾಮ ಪಂಚಾಯತಿ ಸದಸ್ಯನನ್ನು ಹಿಡಿದು ಬೈಯುತ್ತಾರೆ. ಜಿಲ್ಲಾ ಪಂಚಾಯತಿ ಸದಸ್ಯ ಬಂದರೆ ಓಡಿಹೋಗಿ ಕುರ್ಚಿ ತರುತ್ತಾರೆ. ನಡುವಿನವರಾದ ನಮ್ಮನ್ನು ಬೈಯಲೂ ಯಾರಿಗೂ ನೆನಪಾಗುತ್ತಿರಲಿಲ್ಲ. ಸಭೆ ಕರೆದಾಗ ಹೋಗಿ ಕೂರುತ್ತಿದ್ದೆವು. ಶಾಲೆ, ಅಂಗನವಾಡಿ, ಹಾಸ್ಟೆಲ್ಲುಗಳ ಅಧಿಕಾರಿಗಳು ಒಬ್ಬೊಬ್ಬರಾಗಿ ಎದ್ದು ಪ್ರಗತಿ ಓದುತ್ತಿದ್ದರು, ನಾವು ಒಗ್ಗರಣೆ ಮಿರ್ಚಿ ತಿನ್ನುತ್ತ ಕೇಳುತ್ತಿದ್ದೆವು. ಪ್ರತಿ ಸಭೆಯ ಮೊದಲ ವಿಷಯ ಒಂದೇ: ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಅಂದರೆ ಹೋದ ಸಲ ಒಪ್ಪಿದ ಠರಾವುಗಳನ್ನು ಈ ಸಲ ಓದಿಸಿ, ಹೌದು, ಹೀಗೇ ಆಗಿತ್ತು ಎಂದು ಮತ್ತೊಮ್ಮೆ ತಲೆಯಾಡಿಸುವುದು. ಐದು ವರ್ಷವೂ ಆ ಹೊತ್ತಿನಲ್ಲಿ ನಾನು ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಿದ್ದೆ.

ಕ್ಷೇತ್ರ ನಮ್ಮ ಜಾತಿಯ ಹೆಣ್ಣುಮಕ್ಕಳಿಗೆ ಮೀಸಲಾಗಿತ್ತು. ಕೇರಿಯಲ್ಲಿ ಪಿಯುಸಿ ಓದಿದ ಸೊಸೆ, ಮಗಳು ಯಾರಿದ್ದಾರೆ ಎಂದು ಹುಡುಕಿದಾಗ ನಾನು ಸಿಕ್ಕೆ. ಓಟು ಕೇಳುವಾಗ ಎಲ್ಲರಿಗೂ ಎಲ್ಲವನ್ನೂ ಕೊಡುತ್ತೇನೆ ಎಂದೆ, ಎಲ್ಲರೂ ಹಾಗೇ ಅನ್ನುತ್ತಾರೆ. ಮನಸ್ಸಿಟ್ಟು ಮಾತು ಕೊಟ್ಟದ್ದು ಒಬ್ಬಳಿಗೆ ಮಾತ್ರ, ನನ್ನ ಅವ್ವನಿಗೆ.

ಅವ್ವ ನಮ್ಮ ಕೇರಿಯ ಅಂಗನವಾಡಿಯಲ್ಲಿ ಆಯಮ್ಮ. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಅಡುಗೆ ಮಾಡಿ ಉಣಿಸುವುದು, ಮುಕಳಿ ತೊಳೆಯುವುದು, ಎಲ್ಲ ಅವಳದೇ. ಅಂಗನವಾಡಿ ಇದ್ದದ್ದು ಹಳೇ ಶಾಲೆಯ ಸಾಮಾನು ಕೋಣೆಯಲ್ಲಿ. ಮೇಲೆ ತಗಡು, ತಗಡಿನಲ್ಲಿ ತೂತು. ಬೇಸಿಗೆಯಲ್ಲಿ ಆ ಕೋಣೆ ಕಾದು ಮಕ್ಕಳ ಮೈಮೇಲೆ ಬೊಕ್ಕೆ ಏಳುತ್ತಿದ್ದವು. ಮಳೆ ಬಂದರೆ ಅವ್ವ ಒಲೆಯ ಮೇಲೆ ಕೊಡೆ ಹಿಡಿದು ಅನ್ನ ಮಾಡುತ್ತಿದ್ದಳು. ತಾನು ನಿವೃತ್ತಿಯಾಗುವ ಮೊದಲು ಮಕ್ಕಳನ್ನು ಒಂದು ಗಟ್ಟಿ ಸೂರಿನ ಕೆಳಗೆ ಕೂರಿಸಬೇಕು ಎಂಬುದಷ್ಟೇ ಅವಳ ಆಸೆ. ಬೇರೆ ಏನನ್ನೂ ಅವಳು ನನ್ನಿಂದ ಕೇಳಲಿಲ್ಲ.

ಕಟ್ಟಡ ಕೊಡಬಹುದು, ಜಾಗ ತೋರಿಸಿ ಎಂದರು ಅಧಿಕಾರಿಗಳು. ಜಾಗ ಸರ್ಕಾರದ ಹೆಸರಿಗೆ ಆಗಬೇಕು. ಮೇಲಿನ ಓಣಿಯವರಿಗೆ ಬೇಕಾದಷ್ಟು ಜಾಗವಿತ್ತು. ಆದರೆ ನಮ್ಮ ಕೇರಿಯ ಮಕ್ಕಳು ದಿನಾ ಅವರ ಬಾಗಿಲ ಮುಂದೆ ಹಾದುಹೋಗುವುದು ಅವರಿಗೆ ಬೇಕಿರಲಿಲ್ಲ. ಬಾಯಿಬಿಟ್ಟು ಹಾಗೆ ಹೇಳಲಿಲ್ಲ, ವಾಸ್ತು ಬರುವುದಿಲ್ಲ ಎಂದರು. ನಾಲ್ಕು ವರ್ಷ ನಾನು ಬಾಗಿಲಿಂದ ಬಾಗಿಲಿಗೆ ತಿರುಗಿ ವಾಸ್ತುವಿನ ಪಾಠ ಕೇಳಿದೆ.

ಕೊನೆಗೆ ಅವ್ವನೇ ಜಾಗ ಕೊಟ್ಟಳು. ನಮ್ಮ ಮನೆಯ ಪಕ್ಕದ ಖಾಲಿ ಜಾಗ, ಅಪ್ಪ ಬದುಕಿದ್ದಾಗ ಇನ್ನೊಂದು ಕೋಣೆ ಹಾಕಬೇಕೆಂದು ಬಿಟ್ಟದ್ದು. ಸರ್ಕಾರಕ್ಕೆ ಜಾಗ ದಾನ ಕೊಟ್ಟರೆ ಪತ್ರವನ್ನು ರಾಜ್ಯಪಾಲರ ಹೆಸರಿಗೆ ಮಾಡಬೇಕಂತೆ, ನನಗೂ ಆಗಲೇ ಗೊತ್ತಾದದ್ದು. ನೋಂದಣಿ ಕಚೇರಿಯಲ್ಲಿ ಅವ್ವ ಹೆಬ್ಬೆಟ್ಟು ಒತ್ತಿ, ರಾಜ್ಯಪಾಲರು ಯಾವ ಊರಿನವರು, ಮಕ್ಕಳೊಂದಿಗರೇ ಎಂದೆಲ್ಲ ವಿಚಾರಿಸಿದಳು. ಮರುದಿನದಿಂದ ನಮ್ಮ ಅಂಗಳ ಗುಡಿಸಿದ ಮೇಲೆ ಆ ಜಾಗವನ್ನೂ ಗುಡಿಸತೊಡಗಿದಳು. ದೊಡ್ಡ ಮನುಷ್ಯರ ಜಾಗ, ಕಸ ಬೀಳಬಾರದು ಎನ್ನುತ್ತಿದ್ದಳು. ನಾವು ನಗುತ್ತಿದ್ದೆವು.

ದಾನಪತ್ರ ಕೈಗೆ ಬರುವ ಹೊತ್ತಿಗೆ ನಮ್ಮ ಅವಧಿ ಮುಗಿಯುತ್ತಾ ಬಂದಿತ್ತು. ಕೊನೆಯ ಸಭೆ ಎಂದರೆ ಸಭೆಯಲ್ಲ, ಮದುವೆ ಮನೆ. ಶಾಲು, ಹಾರ, ನೆನಪಿನ ಕಾಣಿಕೆ, ಹೋಳಿಗೆ ಊಟ. ನನ್ನ ವಿಷಯ ಬಂದದ್ದು ಅಜೆಂಡಾದ ಕಟ್ಟಕಡೆಗೆ, ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳಲ್ಲಿ. ಆ ಜಾಗವನ್ನು ಅಂಗನವಾಡಿಗೆ ಕಾಯ್ದಿರಿಸಿ ಕಟ್ಟಡ ಕಟ್ಟಿಸಬೇಕು ಎಂದು ಠರಾವಾಯಿತು. ಎಲ್ಲರೂ ಮೇಜು ಕುಟ್ಟಿದರು. ಊಟಕ್ಕೆ ಹೊತ್ತಾಗಿತ್ತು, ಏನು ಹೇಳಿದ್ದರೂ ಕುಟ್ಟುತ್ತಿದ್ದರು.

ಮೂರು ಸಲ ಗೆದ್ದು ಬಂದಿದ್ದ ಹಿರಿಯ ಸದಸ್ಯರೊಬ್ಬರು ನನ್ನ ಪಕ್ಕ ಕೂತಿದ್ದರು. ಅವರು ಮೆಲ್ಲಗೆ ನನ್ನ ಕಡೆ ಬಾಗಿದರು.

"ಯವ್ವಾ, ಇದು ಕಡೀ ಮೀಟಿಂಗು ಐತಿ. ಈಗಿಂದೀಗ ಓದಿಸಿ ದೃಢೀಕರಣ ಬರಸ್ಕೋ. ಮುಂದಿನ ಸಭಿ ಯಾವಾಗೋ ಏನೋ."

ಹೂಂ ಎಂದೆ. ಅಷ್ಟರಲ್ಲಿ ಹೊರಗೆ ಫೋಟೋದವನು ಕೂಗಿದ. ಎಲ್ಲರೂ ದಡಬಡ ಎದ್ದರು. ಅಂದು ನಾನು ಸಾಸಿವೆ ಬಣ್ಣದ ರೇಷ್ಮೆ ಸೀರೆ ಉಟ್ಟಿದ್ದೆ. ಹಿಂದಿನ ಸಾಲಿಗೆ ಸಿಕ್ಕಿಕೊಂಡರೆ ಮುಖ ಕಾಣುವುದಿಲ್ಲ ಎಂದು ನಾನೂ ಓಡಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಆ ಫೋಟೋ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟದ ಪಕ್ಕ ಇದೆ. ನನ್ನ ಮುಖ ಚೆನ್ನಾಗಿಯೇ ಬಂದಿದೆ.

ಆಮೇಲೆ ಚುನಾವಣೆ ಬರಲಿಲ್ಲ. ಕ್ಷೇತ್ರಗಳ ಗಡಿ ಬದಲಾಗಬೇಕು ಎಂದರು, ಮೀಸಲಾತಿ ಪಟ್ಟಿ ಆಗಬೇಕು ಎಂದರು, ಕೋರ್ಟಿನಲ್ಲಿದೆ ಎಂದರು. ವರ್ಷದ ಮೇಲೆ ವರ್ಷ ಹೋಯಿತು. ಸದಸ್ಯರಿಲ್ಲದ ಪಂಚಾಯತಿಗೆ ಒಬ್ಬ ಆಡಳಿತಾಧಿಕಾರಿಯನ್ನು ಕೂರಿಸಿದರು. ನಮ್ಮ ಸಭಾಂಗಣಕ್ಕೆ ಬೀಗ ಬಿತ್ತು. ನಾವಿಲ್ಲದೆಯೂ ಕಚೇರಿ ನಡೆಯುತ್ತಲೇ ಇತ್ತು. ಐದು ವರ್ಷ ನಾವು ಅಲ್ಲಿ ಮಾಡಿದ್ದೇನು ಎಂದು ನನಗೇ ನಾಚಿಕೆಯಾಯಿತು.

ಕಟ್ಟಡದ ಕಡತ ಎಲ್ಲಿಗೆ ಬಂತು ಎಂದು ಕೇಳಲು ಹೋದೆ. ಆ ಮೇಜಿನ ಗುಮಾಸ್ತ ಒಳ್ಳೆಯವನೇ. ನಾನು ಸದಸ್ಯೆಯಾಗಿದ್ದಾಗ ಎದ್ದು ನಿಲ್ಲುತ್ತಿದ್ದ, ಈಗ ಕೂತೇ ನಮಸ್ಕಾರ ಮಾಡಿದ. ನಡಾವಳಿ ಪುಸ್ತಕ ತೆಗೆದು ಕೊನೆಯ ಪುಟ ತೋರಿಸಿದ.

"ಅಕ್ಕಾರ, ಠರಾವು ಐತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ದೃಢೀಕರಣ ಆಗಿಲ್ಲ. ಇದರ ಮ್ಯಾಲ ನಾ ಫೈಲು ಹೆಂಗ ಏರಿಸ್ಲಿ ಹೇಳ್ರಿ?"

ಹಾಗಾದರೆ ಆಡಳಿತಾಧಿಕಾರಿಗಳೇ ದೃಢೀಕರಿಸಲಿ ಎಂದು ಅವರ ಬಳಿ ಹೋದೆ. ಆ ಸಭೆಯಲ್ಲಿ ತಾವು ಇರಲಿಲ್ಲ, ತಾವು ಕಾಣದ್ದನ್ನು ಹೌದೆಂದು ಹೇಗೆ ಬರೆಯುವುದು, ಚುನಾಯಿತ ಸಭೆ ಬರಲಿ, ಅದು ನೋಡಿಕೊಳ್ಳುತ್ತದೆ ಎಂದರು. ಚುನಾಯಿತ ಸಭೆ ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ, ಅದು ತಮ್ಮ ಕೈಯಲ್ಲಿಲ್ಲ ಎಂದು ನಕ್ಕರು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಬಳ್ಳಾರಿಗೆ ಹೋಗಿ ಮೇಲಿನವರಿಗೆ ಅರ್ಜಿ ಕೊಟ್ಟು ಬಂದೆ. ತಿಂಗಳುಗಳಾದ ಮೇಲೆ ಅದು 'ನಿಯಮಾನುಸಾರ ಸೂಕ್ತ ಕ್ರಮಕ್ಕಾಗಿ' ಎಂದು ಮೊಹರು ಹೊತ್ತು ಅದೇ ಗುಮಾಸ್ತನ ಮೇಜಿಗೆ ಇಳಿದು ಬಂತು. ಅವನು ನನಗೆ ಟೀ ತರಿಸಿದ.

ಈ ನಡುವೆ ಅವ್ವ ನಿವೃತ್ತಿಯಾದಳು. ಕೊನೆಯ ದಿನವೂ ಅದೇ ತಗಡಿನ ಕೋಣೆಯಲ್ಲಿ ಮಕ್ಕಳಿಗೆ ಉಣಿಸಿ ಬಂದಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಎದ್ದು ರಾಜ್ಯಪಾಲರ ಜಾಗ ಗುಡಿಸುವುದನ್ನು ಮಾತ್ರ ಬಿಡಲಿಲ್ಲ. ಕಟ್ಟಡ ಯಾವತ್ತು ಶುರುವಾದರೂ ಜಾಗ ಸ್ವಚ್ಛವಾಗಿರಬೇಕು ಎಂಬುದು ಅವಳ ಲೆಕ್ಕ.

ಹೋದ ವರ್ಷ ಸುಗ್ಗಿಯಲ್ಲಿ ಒಂದು ಟ್ರ್ಯಾಕ್ಟರ್ ಭತ್ತದ ಹುಲ್ಲು ಬಂತು. ಅವ್ವನಿಗೆ ಒಂದು ಎಮ್ಮೆ ಇದೆ. ಮಳೆ ಮೋಡ ಕಂಡದ್ದರಿಂದ ಹುಲ್ಲನ್ನು ನಾಲ್ಕು ದಿನದ ಮಟ್ಟಿಗೆ ಆ ಜಾಗದಲ್ಲಿ ಒಟ್ಟಿ ತಾಡಪಾಲು ಹೊದಿಸಿದೆವು. ಯಾರು ಹೋಗಿ ಹೇಳಿದರೋ ಗೊತ್ತಿಲ್ಲ, ವಾಸ್ತು ಬಲ್ಲವರು ಊರಲ್ಲಿ ಬಹಳ ಜನ ಇದ್ದಾರೆ. ವರ್ಷಗಟ್ಟಲೆ ಮೇಲೇಳದ ಸರ್ಕಾರ ಮೂರನೇ ದಿನಕ್ಕೆ ಎದ್ದು ಬಂತು. ಗ್ರಾಮ ಪಂಚಾಯತಿಯ ಜವಾನ ಅವ್ವನ ಹೆಸರಿಗೆ ನೋಟಿಸು ತಂದು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ.

ಅವ್ವ ಓದು ಎಂದಳು. ಓದಿದೆ. ನೀವು ಸರ್ಕಾರಿ ಜಾಗವನ್ನು ಒತ್ತುವರಿ ಮಾಡಿದ್ದೀರಿ, ಏಳು ದಿನದೊಳಗೆ ತೆರವುಗೊಳಿಸದಿದ್ದರೆ ಕಾನೂನು ಕ್ರಮ. ಮೇಲೆ 'ಉಲ್ಲೇಖ' ಎಂದು ಒಂದು ಸಾಲಿತ್ತು. ಅದನ್ನು ಓದದೆ ಬಿಡಬೇಕೆಂದುಕೊಂಡೆ, ಆದರೆ ಬಾಯಿ ಓದಿಬಿಟ್ಟಿತು. ಸದರಿ ಜಾಗವನ್ನು ಅಂಗನವಾಡಿಗೆ ಕಾಯ್ದಿರಿಸಿದ ತಾಲೂಕು ಪಂಚಾಯತಿ ಸಾಮಾನ್ಯ ಸಭೆಯ ಠರಾವು. ಅದರ ಸಂಖ್ಯೆ ನನಗೆ ಬಾಯಿಪಾಠವಿತ್ತು. ನನ್ನದೇ ಠರಾವು.

ಅವ್ವನ ಮುಖ ಒಂದು ಗಳಿಗೆ ಅರಳಿತು.

"ಅಂದ್ರ ನೀ ಮಾಡಿಸಿದ್ದು ಖರೇನ ಐತಿ. ಅವರು ಒಪ್ಪ್ಯಾರ."

"ಒಪ್ಪ್ಯಾರವ್ವ," ಎಂದೆ. "ಕಟ್ಟಾಕಲ್ಲ, ನಿನ್ನ ಎಬ್ಬಿಸಾಕ."

ಅದನ್ನು ಅಷ್ಟು ಒರಟಾಗಿ ಹೇಳಬಾರದಿತ್ತು. ಅಂದು ಸಂಜೆಯೊಳಗೆ ಇಬ್ಬರೂ ಸೇರಿ ಹುಲ್ಲನ್ನು ಹಿತ್ತಲಿಗೆ ಸಾಗಿಸಿದೆವು. ನೆಲದ ಮೇಲೆ ಉದುರಿದ್ದ ಕಡ್ಡಿಗಳನ್ನೂ ಅವಳು ಕೈಯಿಂದ ಆಯ್ದು ತೆಗೆದಳು.

ಮರುದಿನ ಬೆಳಿಗ್ಗೆ ಕಸಬರಿಗೆಯ ಸದ್ದು ನಮ್ಮ ಅಂಗಳದ ಕಲ್ಲಿನವರೆಗೆ ಬಂದು ನಿಂತಿತು. ಅಲ್ಲಿಂದಾಚೆ ಅವ್ವ ಗುಡಿಸಲಿಲ್ಲ. ಈಗ ಆ ಜಾಗದಲ್ಲಿ ಮೊಣಕಾಲೆತ್ತರ ಜಾಲಿ ಬೆಳೆದಿದೆ, ಯಾರಿಗೂ ನೋಟಿಸು ಬಂದಿಲ್ಲ.