ನನ್ನ ದನಿಯ ಕೆಳಗಿನ ಅಕ್ಷರಗಳು

ಟ್ರಿಂ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅರದ ತುದಿ ಹಿತ್ತಾಳೆಯನ್ನು ಎರಡೇ ಎರಡು ಸಲ ಸವರುವ ಸಪ್ಪಳ, ಒಣ ಸಕ್ಕರೆಯ ಮೇಲೆ ಚಮಚ ಎಳೆದ ಹಾಗೆ. ಮತ್ತೆ ಟ್ರಿಂ. ಈ ಸಲ ಕೂದಲೆಳೆಯಷ್ಟು ಮೇಲೆ.

ನಾಗಪುರದ ಹಳೆಯ ಭಾಗವಾದ ಮಹಾಲಿನ ಓಣಿಯೊಳಗೆ, ಒಂದು ಹಳೆಯ ವಾಡೆಯ ಮುಂಗೋಣೆಯಲ್ಲಿ ಕೂತು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ ಒಬ್ಬರ ಕೈಯಿಂದ ಬರುತ್ತಿದ್ದ ಸದ್ದು ಅದು. ಧಾರವಾಡದ ಕಡೆಯವರಾದ ನಾವು ಅದಕ್ಕೆ ಪೇಟಿ ಎನ್ನುತ್ತೇವೆ. ನಾಗಪುರದ ಮರಾಠಿಯವರೂ ಪೇಟಿ ಎಂದೇ ಅನ್ನುತ್ತಾರೆ. ರೀಡು ಎಂಬ ಹಿತ್ತಾಳೆಯ ನಾಲಿಗೆಯನ್ನು ಅವರು ಮೀಟಿ, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ತುದಿಯನ್ನು ಸವರಿದರೆ ಸ್ವರ ಏರುತ್ತದೆ, ಬುಡವನ್ನು ಸವರಿದರೆ ಇಳಿಯುತ್ತದೆ. ಇಷ್ಟೇ ವಿದ್ಯೆ, ಆದರೆ ಎಲ್ಲಿ ನಿಲ್ಲಿಸಬೇಕೆಂದು ಕಿವಿಯೇ ಹೇಳಬೇಕು. ನಾನು ಅವರಿಗೆ ದಾದಾ ಅನ್ನುತ್ತಿದ್ದೆ. ಅವರು ನನಗೆ ಟೀಚರ್‌ಬಾಯಿ ಅನ್ನುತ್ತಿದ್ದರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಮ್ಯೂಸಿಕ್ ಸಿಸ್ಟರ್ ಟ್ಯೂನಿಂಗ್ ಫೋರ್ಕನ್ನು ತಮ್ಮ ಮೊಣಕಾಲಿಗೆ ಬಡಿದು ಮೇಜಿನ ಮೇಲೆ ಊರುತ್ತಿದ್ದರು, ಇಡೀ ಮೇಜು ಹಾಡುತ್ತಿತ್ತು. ಸ್ವರ ತಪ್ಪಿದವಳು ತಲೆ ತಗ್ಗಿಸಿ ಸಾರಿ ಅಂದರೆ ಅವರಿಗೆ ಆಗುತ್ತಿರಲಿಲ್ಲ. "ಡೋಂಟ್ ಬಿ ಸಾರಿ, ಚೈಲ್ಡ್. ಬಿ ಕರೆಕ್ಟ್" ಎನ್ನುತ್ತಿದ್ದರು. ಆ ಮಾತನ್ನು ನಾನು ಅಗತ್ಯಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡೆನೇನೋ. ಮುಂದೆ ನಾಗಪುರದಲ್ಲಿ ಅಂಥದೇ ಶಾಲೆಯಲ್ಲಿ ಮೂವತ್ತೊಂದು ವರ್ಷ ಸಿಂಗಿಂಗ್ ಟೀಚರ್ ಆಗಿದ್ದೆ. ಕಿವಿಗೆ ಸರಿಯೆನಿಸದ್ದನ್ನು ಯಾರ ಮುಖ ನೋಡಿಯೂ ಸರಿ ಅಂದವಳಲ್ಲ.

ದಾದಾರ ಪರಿಚಯ ಆದದ್ದೇ ಜಗಳದಿಂದ. ಶಾಲೆಯ ಪೇಟಿಯನ್ನು ಅವರು ತಿದ್ದಿ ತಂದಿದ್ದರು. ನಾನು ಮದರ್ ಸುಪೀರಿಯರ್ ಎದುರಿಗೇ ಮೇಲಿನ ಗಾಂಧಾರ ಫ್ಲ್ಯಾಟ್ ಇದೆ ಎಂದುಬಿಟ್ಟೆ. ಆಗಿನ್ನೂ ನಾನು ಚಿಕ್ಕವಳು, ಅವರಾಗಲೇ ಊರಲ್ಲಿ ಹೆಸರಾದವರು. ಮುಖ ಕೆಂಪಗೆ ಮಾಡಿಕೊಂಡು, ಪೇಟಿಯನ್ನು ಸೈಕಲ್ ಕ್ಯಾರಿಯರಿಗೆ ಕಟ್ಟಿಕೊಂಡು ಹೋದರು. ಮೂರನೆಯ ದಿನ ತಿರುಗಿ ಬಂದು, ಗಾಂಧಾರ ಇಳಿದಿತ್ತು ಎಂದರು. ಅಷ್ಟೇ. ಅಂದಿನಿಂದ ದೊಡ್ಡ ಕೆಲಸ ಯಾವುದೇ ಇರಲಿ, ಮುಗಿಸಿದ ಮೇಲೆ ನನ್ನನ್ನು ಮಹಾಲಿಗೆ ಕರೆಸುತ್ತಿದ್ದರು. ನಾನು ಕೇಳಿ ತಲೆ ಆಡಿಸಿದರೆ ಮಾತ್ರ ಮುಚ್ಚಳಕ್ಕೆ ತಿರುಪು ಬೀಳುತ್ತಿತ್ತು. ಶಾಲೆ ಬಿಟ್ಟ ಮೇಲೂ ಆ ರೂಢಿ ಹಾಗೆಯೇ ಉಳಿಯಿತು.

ಈಚೆಗೆ ಒಂದೆರಡು ವರ್ಷದಿಂದ ಅವರಿಗೆ ತಮ್ಮ ಕಿವಿಯ ಮೇಲೆ ಅನುಮಾನ. ಎಂಬತ್ತು ದಾಟಿದ ಮನುಷ್ಯ. ಇನ್ನು ಸಾಕು ಮಾಡಿರೆಂದು ಸೊಸೆ ಹೇಳುತ್ತಿದ್ದಳು. ವಯಸ್ಸಿಗೆ ತಕ್ಕಷ್ಟು ಮಂದವಾಗಿದೆ, ಕೆಲಸಕ್ಕೆ ಏನೂ ಕೊರತೆಯಿಲ್ಲವೆಂದು ನಾನು ಹೇಳುತ್ತಿದ್ದೆ. ಅದು ಸಮಾಧಾನದ ಮಾತಾಗಿರಲಿಲ್ಲ, ನಿಜವಾಗಿತ್ತು.

ಇನ್ನು ಹೆಡ್‌ಫೋನಿನ ವಿಷಯ.

ನಾನಿರುವುದು ಸಿವಿಲ್ ಲೈನ್ಸಿನಲ್ಲಿ ಮಗಳ ಮನೆಯಲ್ಲಿ. ಅಳಿಯ ಮರಾಠಿಯವರು, ಮನೆಮಾತೂ ಮರಾಠಿಯೇ. ಮೊಮ್ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಕೇಳಿದರೆ ಒಂದೊಂದು ಮಾತೂ ತಿಳಿಯುತ್ತದೆ, ನನ್ನ ಹತ್ತಿರ ಮಾತಾಡುವಾಗ ನನ್ನ ಧಾರವಾಡದ ಧಾಟಿಯೇ ಬರುತ್ತದೆ. ಸಣ್ಣವಳಿದ್ದಾಗ ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳಲ್ಲ. ಈಗ ಕಾಲೇಜಿನ ಜೊತೆಗೆ ಫೋನಿನಲ್ಲಿ ವಿಡಿಯೋ ಮಾಡಿ ಹಾಕುತ್ತಾಳೆ. ಬಟ್ಟೆ, ಬ್ಯಾಗು, ಲಿಪ್‌ಸ್ಟಿಕ್ಕು. ಕಂಪನಿಗಳು ಡಬ್ಬಿ ಕಳಿಸುತ್ತವೆ, ಇವಳು ಬಿಚ್ಚಿ ತೋರಿಸುತ್ತಾಳೆ.

ಹಾಗೆ ಬಂದದ್ದು ಆ ಗುಲಾಬಿ ಬಣ್ಣದ ಹೆಡ್‌ಫೋನು. ಕಳಿಸಿದವರು ಹ್ಯಾಂಡ್‌ಬ್ಯಾಗು, ಬೆಲ್ಟು ಮಾಡಿ ಹೆಸರು ಗಳಿಸಿದ ಕಂಪನಿಯವರು. ಕಿವಿಯ ಮೇಲೆ ಕೂರುವ ಮೆತ್ತೆ ಪರ್ಸಿನ ತೊಗಲಿನ ಹಾಗೆ ನುಣುಪು, ಎರಡೂ ಕಡೆ ಬಂಗಾರದ ಬಣ್ಣದಲ್ಲಿ ಅವರ ಮಾರ್ಕು. ನೋಡಿದರೆ ಕಿವಿಗೆ ಹಾಕುವ ಒಡವೆಯ ಹಾಗಿತ್ತು.

"ಅಜ್ಜಿ, ನೀ ಹಾಕ್ಕೊಂಡು ಕೇಳು. ಹೆಂಗ ಐತಿ ಅಂತ ಹೇಳು. ಕನ್ನಡದಾಗ ಹೇಳು, ನೀ ಕನ್ನಡ ಮಾತಾಡಿದ್ರ ಭಾಳ ಕ್ಯೂಟ್ ಅನಸ್ತದ."

ಐ ಮಸ್ಟ್ ಕನ್ಫೆಸ್, ಕ್ಯೂಟ್ ಅಂದದ್ದು ನನಗೆ ಬೇಸರ ತರಲಿಲ್ಲ. ಯಜಮಾನರು ಹೋದ ಮೇಲೆ ಈ ಊರಲ್ಲಿ ನನ್ನ ಕನ್ನಡವನ್ನು ಬೇಕೆಂದು ಕೇಳಿದವರು ಯಾರೂ ಇರಲಿಲ್ಲ. ಮಾರ್ಕೆಟ್ಟಿಗೆ ಹಿಂದಿ, ನೆರೆಮನೆಗೆ ಮರಾಠಿ, ಚರ್ಚ್ ಹಾಲಿನ ಹಳೆಯ ಗೆಳತಿಯರಿಗೆ ಇಂಗ್ಲಿಷು. ಕನ್ನಡವೆಂದರೆ ವಾರಕ್ಕೊಮ್ಮೆ ಫೋನಿನಲ್ಲಿ ತಂಗಿಯ ಜೊತೆ, ಅಷ್ಟೇ. ಒಳ್ಳೆಯ ಇಳಕಲ್ ಸೀರೆ ಉಟ್ಟುಕೊಂಡು ಬಾಲ್ಕನಿಯಲ್ಲಿ ಬಂದು ಕೂತೆ.

ಒಬ್ಬಾಕೆ ತಾನಪುರದ ಜೊತೆ ಹಾಡಿದ್ದನ್ನು ಹಚ್ಚಿಸಿಕೊಂಡು ಕೇಳಿದೆ. ತಾನಪುರವೇ ಇರಲಿಲ್ಲ. ತಂತಿಯ ಆ ಝೇಂಕಾರ ಇರಬೇಕಾದಲ್ಲಿ ಪಕ್ಕದ ಮನೆಯ ಮಿಕ್ಸರ್ ಗೋಡೆಯೊಳಗಿಂದ ಕೇಳಿದ ಹಾಗೆ ಒಂದು ಗುಂಯ್. ತಬಲಾದ ಎಡಗೈ ಎದೆಗೆ ಗುದ್ದುತ್ತಿತ್ತು, ಬಲಗೈ ಎಲ್ಲಿಗೋ ಹೋಗಿತ್ತು. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ.

"ನೋಡಾಕ ಭಾಳ ಚಂದ ಐತಿ, ಮದುವಿಗೆ ಹಾಕ್ಕೊಂಡು ಹೋಗಬಹುದು. ಆದ್ರ ಹಾಡು ಕೇಳಾಕ ಬರೋಬರ್ ಇಲ್ಲ. ತಳದ ಸಪ್ಪಳಾನ ಎಲ್ಲಾ ನುಂಗೇತಿ. ಹಾಡಾಕಿ ಹಂಡೇದಾಗ ಕುಂತು ಹಾಡಿದಂಗ ಆಗೇತಿ. ಮ್ಯಾಲಿನ ಸಾ ಅಂತೂ ರಜಾಯಿ ಹೊತಗೊಂಡು ಮಲಗಿಬಿಟ್ಟೈತಿ."

ಮೊಮ್ಮಗಳು ಫೋನು ಹಿಡಿದುಕೊಂಡೇ ಬಿದ್ದು ಬಿದ್ದು ನಕ್ಕಳು. ನನ್ನ ಗಲ್ಲಕ್ಕೆ ಮುತ್ತು ಕೊಟ್ಟಳು.

ಎರಡು ದಿನದ ಮೇಲೆ ವಿಡಿಯೋ ಬಂತು. ಫೋನನ್ನು ದೂರ ಹಿಡಿದುಕೊಂಡು ನೋಡಿದೆ. ನನ್ನ ಮುಖ, ನನ್ನ ಸೀರೆ, ನನ್ನ ಕನ್ನಡ, ಒಂದಕ್ಷರ ಕತ್ತರಿಸದೆ. ಕೆಳಗೆ ಗುಲಾಬಿ ಪಟ್ಟಿಯಲ್ಲಿ ಬಂಗಾರದ ಬಣ್ಣದ ಸಣ್ಣ ಅಕ್ಷರಗಳು ಓಡುತ್ತಿದ್ದವು, ಹಿಂದಿ. ಕಾನ್ವೆಂಟಿನವಳಾದ ನನಗೆ ದೇವನಾಗರಿ ಓದುವುದೆಂದರೆ ಮೊದಲಿನಿಂದಲೂ ನಿಧಾನ, ಕನ್ನಡಕವೂ ಒಳಗಿತ್ತು. ನನ್ನ ಮಾತನ್ನು ನಾನೇ ಕೇಳುತ್ತಿರುವಾಗ ಅದನ್ನು ಓದುವುದೇಕೆ? ಹಿಗ್ಗಿನಲ್ಲಿ ಗುರುತಿನವರಿಗೆಲ್ಲ ಕಳಿಸಿದೆ. ತಂಗಿಗೆ ಹೋಗಲಿಲ್ಲ, ಅವಳ ಹತ್ತಿರ ಇರುವುದು ಬಟನ್ ಫೋನು. ದಾದಾರಿಗೆ ಕಳಿಸಿದೆ. ಕಳಿಸಿದವಳು ನಾನೇ.

ಹದಿನೈದು ದಿನ ಕಳೆದಿರಬೇಕು. ದಾದಾರ ಫೋನು ಬಂತು. ಅವರ ಮರಾಠಿಯನ್ನು ಇಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ, ಒಂದು ಮಾತನ್ನೂ ಬದಲಿಸಿಲ್ಲ.

"ಟೀಚರ್‌ಬಾಯಿ, ಇನ್ನು ಪೇಟಿ ಕಳಿಸಬೇಡಿ. ನಾನು ಕೆಲಸ ನಿಲ್ಲಿಸಿದೆ."

ಯಾಕೆಂದು ಕೇಳಿದೆ. ನಾನು ಹೇಳಿದೆನೆಂದು ಅಂಥದೇ ಹೆಡ್‌ಫೋನನ್ನು ಸೊಸೆಯ ಕೈಲಿ ತರಿಸಿದರಂತೆ. ತಾವೇ ಹಿಂದೆ ತಿದ್ದಿದ್ದ ಪೇಟಿಯೊಂದರ ರೆಕಾರ್ಡಿಂಗ್ ಹಾಕಿ ಕೇಳಿದರಂತೆ. ಮೇಲಿನ ಸಪ್ತಕ ಕೇಳಿಸಲೇ ಇಲ್ಲವಂತೆ. ದಿನವೂ ಕೇಳಿದರು, ದಿನವೂ ಹಾಗೆಯೇ. ನಿಮ್ಮ ಕಿವಿಗೆ ಗಂಟೆಯ ಹಾಗೆ ಕೇಳಿಸಿದ್ದು ನನ್ನ ಕಿವಿಗೆ ಇಲ್ಲವೆಂದರೆ ನನ್ನ ಕಿವಿಯೇ ಹೋಯಿತು ಎಂದಾಯಿತಲ್ಲ, ಅಂದರು. ದನಿಯಲ್ಲಿ ದುಃಖವಿರಲಿಲ್ಲ, ಬಹಳ ದಿನ ಎಳೆದಾಡಿದ್ದು ತೀರ್ಮಾನವಾದ ನೆಮ್ಮದಿ ಇತ್ತು.

ಗಂಟೆಯೆಂದು ನಾನು ಯಾವಾಗ ಅಂದೆ ದಾದಾ, ಎಂದೆ.

ಅವರು ನಾನು ಕಳಿಸಿದ್ದ ವಿಡಿಯೋ ತೆಗೆದು, ನನ್ನ ದನಿಯ ಕೆಳಗೆ ಬರೆದದ್ದನ್ನು ನಿಲ್ಲಿಸಿ ನಿಲ್ಲಿಸಿ ನನಗೇ ಓದಿ ಹೇಳಿದರು. ಇದು ನಲವತ್ತು ವರ್ಷ ಸಂಗೀತ ಕಲಿಸಿದ ಕಿವಿ. ಇಷ್ಟು ಶುದ್ಧವಾದ ಸ್ವರ ನಾನು ಎಲ್ಲೂ ಕೇಳಿಲ್ಲ. ಮೇಲಿನ ಸಾ ಅಂತೂ ದೇವಸ್ಥಾನದ ಗಂಟೆಯ ಹಾಗೆ.

ಮೂವತ್ತೊಂದನ್ನೂ ನಲವತ್ತು ಮಾಡಿದ್ದಳು.

ಮೊಮ್ಮಗಳು ತಲೆ ತೊಳೆದುಕೊಂಡು ಬಾಲ್ಕನಿಯಲ್ಲಿ ಕೂದಲು ಒಣಗಿಸುತ್ತಿದ್ದಳು. ನಾನು ಅಂದದ್ದು ನಿನಗೆ ತಿಳಿದಿತ್ತೋ ಇಲ್ಲವೋ ಎಂದು ಕೇಳಿದೆ. ತಿಳಿದಿತ್ತು ಎಂದಳು, ಸುಳ್ಳು ಹೇಳಲಿಲ್ಲ. ಅದು ಕಂಟೆಂಟ್ ಅಜ್ಜಿ, ಎಲ್ಲರೂ ಹಾಗೇ ಮಾಡುತ್ತಾರೆ, ಔಷಧಿ ಅಲ್ಲವಲ್ಲ, ಹೆಡ್‌ಫೋನು ತಾನೇ, ಎಂದಳು.

"ನನ್ನ ಬಾಯಾಗಿಂದ ಯಾಕ ಹೇಳಿಸಿದಿ ಹಂಗಾದ್ರ? ನೀನ ಹೇಳಬೇಕಿತ್ತಲ್ಲ."

"ನಿನ್ನ ಮಾತು ನಂಬತಾರ ಅಜ್ಜಿ."

"ಮತ್ತ ನಾ ಹೇಳಿದ್ದನ್ನ ಬರೀಬೇಕಿತ್ತು."

ಅವಳು ಟವೆಲ್ಲು ಕೆಳಗಿಟ್ಟು, ನನ್ನ ಮೇಲೆ ಮರುಕ ಬಂದವಳ ಹಾಗೆ ನೋಡಿದಳು.

"ಇಲ್ಲಿ ಕನ್ನಡ ಯಾರಿಗೆ ಬರ್ತೈತಿ, ಅಜ್ಜಿ?"

ಆಗ ನನಗೆ ತಿಳಿಯಿತು. ಕ್ಯೂಟ್ ಎಂದು ಕನ್ನಡ ಕೇಳಿದ್ದಲ್ಲ. ಈ ಊರಲ್ಲಿ ಯಾರಿಗೂ ಬಾರದ ಭಾಷೆ ಎಂದು ಕೇಳಿದ್ದು. ನನ್ನ ಮಗ್ಗುಲಲ್ಲಿ ಮಲಗಿ ಕಲಿತ ಮಾತು ಅದು. ಅದರಲ್ಲಿ ನಾನು ಏನು ಹೇಳಿದರೂ ನಡೆಯುತ್ತಿತ್ತು ಅವಳಿಗೆ. ಮುಖವೊಂದು ನಗುತ್ತಿದ್ದರೆ ಸಾಕು.

ದಾದಾರ ಹತ್ತಿರ ಬಂದು ನೀನೇ ಹೇಳು, ನೀನೇ ಬರೆದದ್ದೆಂದು ಹೇಳು, ಎಂದು ಬೇಡಿದೆ. ಕಾಲೇಜಿದೆ ಎಂದಳು. ವಿಡಿಯೋ ತೆಗೆದುಹಾಕು ಎಂದೆ. ಕಂಪನಿಯವರ ಕರಾರಿದೆ, ಮುಂದಿನ ತಿಂಗಳ ತನಕ ತೆಗೆಯುವ ಹಾಗಿಲ್ಲ ಎಂದಳು. ಮಗಳು ಇಬ್ಬರಿಗೂ ಸುಮ್ಮನಿರಿ ಅಂದಳು, ಊಟಕ್ಕೆ ಬಡಿಸಿದಳು.

ಮರುದಿನ ಬೆಳಿಗ್ಗೆ ಒಬ್ಬಳೇ ಆಟೋ ಮಾಡಿಕೊಂಡು ಮಹಾಲಿಗೆ ಹೋದೆ. ಆಟೋ ಓಣಿಯ ಬಾಯಲ್ಲೇ ನಿಲ್ಲಬೇಕು, ಒಳಗೆಲ್ಲ ಸ್ಕೂಟರುಗಳು. ದಾದಾರ ಮುಂಗೋಣೆಯಲ್ಲಿ ಅರಗಳು, ಚಿಮುಟಗಳು ಇರುತ್ತಿದ್ದ ಹಲಗೆ ಖಾಲಿ. ಇತವಾರಿ ಬಜಾರಿನ ಪೇಟಿ ಅಂಗಡಿಯವರಿಗೆ ಎಲ್ಲವನ್ನೂ ಕೊಟ್ಟುಬಿಟ್ಟಿದ್ದರು. ಅಲ್ಲಿ ಆಗಲೇ ಸೊಸೆ ಸೀರೆಗೆ ಫಾಲ್ ಹಚ್ಚುವ ಮಷೀನು ಇಟ್ಟುಕೊಂಡಿದ್ದಳು. ಗುಲಾಬಿ ಹೆಡ್‌ಫೋನು ಗೋಡೆಯ ಮೊಳೆಗೆ ತೂಗುಹಾಕಿತ್ತು.

ಎಲ್ಲ ಹೇಳಿದೆ. ನಾನು ಆಡಿದ್ದೇನು, ಕೆಳಗೆ ಬರೆದದ್ದೇನು, ಬರೆದವರು ಯಾರು. ಮೊಳೆಯಿಂದ ಅದನ್ನು ಇಳಿಸಿ ನಾನೇ ಕಿವಿಗೆ ಹಾಕಿಕೊಂಡು, ಅವರ ರೆಕಾರ್ಡಿಂಗ್ ಕೇಳಿ, ನನಗೂ ಮೇಲಿನ ಸ್ವರ ಕೇಳಿಸುತ್ತಿಲ್ಲ ದಾದಾ, ಯಾರಿಗೂ ಕೇಳಿಸದು, ಅದು ಇದರ ದೋಷ, ಎಂದೆ. ಅವರು ಶಾಂತವಾಗಿ ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಕುಡಿದರು.

"ಟೀಚರ್‌ಬಾಯಿ, ನನ್ನ ಸಮಾಧಾನಕ್ಕೆಂದು ಮೊಮ್ಮಗಳ ಮೇಲೆ ಸುಳ್ಳು ಹೊರಿಸಬೇಡಿ. ಪಾಪ, ಹುಡುಗಿ."

ಇಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಅವರಿಗೆ ಸಮಾಧಾನದ ಮಾತು ಹೇಳಿರಲಿಲ್ಲ. ಅದಕ್ಕಾಗಿಯೇ ತಾನೇ ಅವರು ನನ್ನನ್ನು ಕರೆಸುತ್ತಿದ್ದದ್ದು.

ಮೂಲೆಯಲ್ಲಿ ಅವರ ಸ್ವಂತ ಪೇಟಿಯೊಂದು ಉಳಿದಿತ್ತು. ನುಡಿಸಿ ಎಂದೆ. ಒಂದು ಕೈಯಿಂದ ಗಾಳಿ ತುಂಬುತ್ತ ಸಾ ಇಂದ ಮೇಲಕ್ಕೆ ಹೋದರು. ಮೇಲಿನ ಗಾಂಧಾರ ಇಳಿದಿತ್ತು, ಎಲ್ಲ ಬಿಟ್ಟು ಅದೇ ಗಾಂಧಾರ. ಹೇಳಿದೆ. ಮೊದಲಾಗಿದ್ದರೆ ವಾದಕ್ಕೆ ನಿಲ್ಲುತ್ತಿದ್ದರು, ಇಲ್ಲವೇ ಆಗಲೇ ತಿರುಪು ಬಿಚ್ಚುತ್ತಿದ್ದರು. ಈ ಸಲ ನನ್ನ ಮುಖ ನೋಡಿ, "ಅಸೇಲ್" ಎಂದರು. ಇರಬಹುದು ಎಂದು ಅದರರ್ಥ. ಆಮೇಲೆ ಮುಚ್ಚಳ ಹಾಕಿ, ಬಟ್ಟೆಯ ಗವಸು ಎಳೆದರು.

ಅದಾದ ತಿಂಗಳೊಪ್ಪತ್ತಿಗೆ ದಾದಾರ ಮಗಳು ಅವರನ್ನು ಅಮರಾವತಿಯ ತನ್ನ ಮನೆಗೆ ಕರೆದುಕೊಂಡು ಹೋದಳು. ಫೋನು ಮಾಡಿದರೆ ಈಗ ಅವರ ಅಳಿಯ ಎತ್ತುತ್ತಾನೆ. ಮಾವನವರಿಗೆ ಕೇಳಿಸುವುದಿಲ್ಲ, ಏನಾದರೂ ಇದ್ದರೆ ನನಗೆ ಹೇಳಿ, ಅನ್ನುತ್ತಾನೆ.

ನಾನು ಮಹಾಲಿಗೆ ಹೋಗಿದ್ದ ಆ ಬೆಳಿಗ್ಗೆ ದಾದಾ ಎಂದಿನ ಹಾಗೆ ನನ್ನನ್ನು ಕಳಿಸಲು ಓಣಿಯ ಬಾಯಿಯವರೆಗೂ ಬಂದಿದ್ದರು. ನಾನು ಇನ್ನೂ ಏನೋ ಹೇಳುತ್ತಿದ್ದೆ. ಇದ್ದಕ್ಕಿದ್ದಂತೆ ನನ್ನ ಮೊಣಕೈ ಹಿಡಿದು ಗೋಡೆಯ ಕಡೆಗೆ ಎಳೆದರು. ಯಾಕೆಂದು ನನಗೆ ತಿಳಿಯಲಿಲ್ಲ. ಆಮೇಲೆ, ತಿರುವಿನ ಆಚೆಯಿಂದ, ಸಣ್ಣಗೆ, ಒಂದು ಸೈಕಲ್ಲಿನ ಗಂಟೆ ನನ್ನ ಕಿವಿಗೂ ಬಿತ್ತು. ಸೈಕಲ್ಲು ನಮ್ಮನ್ನು ದಾಟಿ ಹೋಯಿತು. ದಾದಾ ನನ್ನ ಕೈ ಬಿಟ್ಟು, ಸಾವಕಾಶ ಹೋಗಿ ಎಂದು ಹೇಳಿ, ವಾಡೆಯ ಕಡೆಗೆ ನಡೆದರು.